ನರ್ಸ್ ಪಿಕುಲ್ ಮತ್ತು ಹೆದ್ದಾರಿಯ ಆಚೆ ಬದಿ

ಬ್ಯಾಂಕಾಕಿನಿಂದ ಹೊರಟು ನಮ್ಮ ಪ್ರಾಂತ್ಯವನ್ನು ಎರಡು ಹೋಳು ಮಾಡಿಕೊಂಡು ಈಶಾನ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿಯೂ ಬದುಕಿ ಮನೆ ಸೇರಿದವರು ಸಾವಿರಾರು ಮಂದಿ ಇದ್ದಾರೆ. ತಮ್ಮನ್ನು ಎತ್ತಿ ತಂದ ಗಾಡಿ ಅವರಿಗೆ ನೆನಪಿದೆ, ಹೊಲಿಗೆ ಹಾಕಿದ ವೈದ್ಯರ ಹೆಸರು ನೆನಪಿದೆ. ಆದರೆ ಆ ಗಾಡಿಯನ್ನು ತಮ್ಮ ಬಳಿಗೆ ಕಳುಹಿಸಿದ ಹೆಂಗಸು ಯಾರೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಆ ಹೆಂಗಸೇ ಪಿಕುಲ್ ಥೊಂಗ್‌ಸೂಕ್. ತುರ್ತು ಕರೆಯನ್ನು ಆಲಿಸಿ ಗಾಡಿ ಕಳುಹಿಸುವುದೂ ವೈದ್ಯಕೀಯದ ಒಂದು ಅಂಗವೇ, ಅದಕ್ಕೆ ಯಂತ್ರದ ನೆರವು ಬೇಕು, ಯಂತ್ರಕ್ಕೆ ಮನುಷ್ಯರ ಕಾವಲೂ ಬೇಕು ಎಂದು ನಮ್ಮ ಕಡೆ ಮೊದಲು ಹೇಳಿದವರು, ಹೇಳಿ ಬೈಸಿಕೊಂಡವರು, ಬೈಸಿಕೊಂಡೂ ಮಾಡಿ ತೋರಿಸಿದವರು ಅವರು. ಈ ಸೆಪ್ಟೆಂಬರ್ ಕೊನೆಗೆ ಅರವತ್ತು ತುಂಬಿ ಸರ್ಕಾರಿ ಸೇವೆಯಿಂದ ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ಒಂದು ಅಭಿನಂದನ ಸಂಪುಟ ಸಲ್ಲಬೇಕಾದದ್ದು ನ್ಯಾಯವಾಗಿಯೇ ಇದೆ.

ನ್ಯಾಯ ನಮಗೆ ಕಂಡಿತು, ಅವರಿಗೆ ಕಾಣಲಿಲ್ಲ. ನಮ್ಮಲ್ಲಿ ಒಬ್ಬರ ಬದುಕನ್ನು ಕುರಿತ ಪುಸ್ತಕ ಅಚ್ಚಾಗುವುದು ಸಾಮಾನ್ಯವಾಗಿ ಅವರ ಶವಸಂಸ್ಕಾರದ ದಿನ ಹಂಚುವುದಕ್ಕೆ. ಸಂಪುಟದ ಸಮಿತಿಯ ಪರವಾಗಿ ನಾನು ಹೋಗಿ ಸುದ್ದಿ ಹೇಳಿದಾಗ ಅವರು ಕಿವಿಯ ಫೋನನ್ನು ಅರ್ಧ ಸರಿಸಿ ನಕ್ಕರು. “ಪುಸ್ತಕಾನಾ? ನಾನಿನ್ನೂ ಉಸಿರಾಡ್ತಾ ಇದೀನಲ್ಲೋ ಥವಿ! ಅಷ್ಟು ಅವಸರ ಏನಿತ್ತು ನಿಮಗೆಲ್ಲ?” ಎಂದರು. ಸಮಿತಿಯವರು ನನಗೆ ಇನ್ನೊಂದು ಸೂಚನೆ ಕೊಟ್ಟಿದ್ದಾರೆ: ಶುಭ ಸಮಾರಂಭ, ಸಾವಿನ ವಿಷಯ ಎತ್ತಬಾರದು. ಹೆದ್ದಾರಿಯ ಅಪಘಾತಗಳ ನಡುವೆ ಹರೆಯ ಸವೆಸಿದವರ ಬಗ್ಗೆ ಸಾವನ್ನು ಬಿಟ್ಟು ಬರೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಆದ್ದರಿಂದ ಆ ಸೂಚನೆಯನ್ನು ಗೌರವಪೂರ್ವಕವಾಗಿ ಪಕ್ಕಕ್ಕಿಟ್ಟಿದ್ದೇನೆ.

ನಾನು ಅವರು ದುಡಿಯುವ ಆಸ್ಪತ್ರೆಯಲ್ಲೇ ಆಂಬುಲೆನ್ಸಿನ ನರ್ಸು. ಪಿಕುಲ್ ಅವರ ಮನೆಯಲ್ಲಿ ಕರೆಯುವ ಹೆಸರು ಮೊಟ್. ಇರುವೆ ಎಂದು ಅರ್ಥ. ಕುಳ್ಳಗಿನ ಸಣ್ಣ ಶರೀರ, ಕೂತಲ್ಲಿ ಕೂರದ ಸ್ವಭಾವ ನೋಡಿ ಅವರ ಅಜ್ಜಿ ಇಟ್ಟ ಹೆಸರಂತೆ. ನಮಗೆಲ್ಲ ಅವರು ಮೊಟ್ ಅಕ್ಕ. ಒಂದೇ ಆಸ್ಪತ್ರೆಯಲ್ಲಿ ಇಷ್ಟು ವರ್ಷ ದುಡಿದರೂ ನಾನು ಅವರ ಮುಖ ನೋಡಿದ್ದಕ್ಕಿಂತ ಅವರ ದನಿ ಕೇಳಿದ್ದೇ ಹೆಚ್ಚು. ಅವರು ಎರಡನೆಯ ಮಹಡಿಯಲ್ಲಿ, ತುರ್ತು ಕರೆಗಳು ಬರುವ ಕಿಟಕಿಯಿಲ್ಲದ ಕೋಣೆಯಲ್ಲಿ, ನಾನು ರಸ್ತೆಯಲ್ಲಿ. ನಡುವೆ ನನ್ನ ಕಿವಿಯಲ್ಲೊಂದು ಪುಟ್ಟ ಯಂತ್ರ.

ಮೊಟ್ ಅಕ್ಕ ಆ ಕೋಣೆಗೆ ಬಂದ ಕಾಲಕ್ಕೆ ಅಲ್ಲಿದ್ದದ್ದು ಎರಡು ಫೋನು, ಒಂದು ವೈರ್‌ಲೆಸ್ಸು, ಗೋಡೆಯ ಮೇಲೆ ಹೆದ್ದಾರಿಯ ನಕ್ಷೆ. ಆಗಿನ ಗಾಡಿಗಳಲ್ಲಿ ಹೆಚ್ಚಿನವು ಧರ್ಮಸಂಸ್ಥೆಯ ಸ್ವಯಂಸೇವಕರವು. ಹಗಲು ಟೈರಿಗೆ ಪಂಕ್ಚರ್ ಹಾಕುವವರು, ಐಸ್ ಮಾರುವವರು, ಕರೆ ಬಂದೊಡನೆ ಅಂಗಿ ಬದಲಿಸಿ ಓಡುವವರು. ವೈರ್‌ಲೆಸ್ಸಿನಲ್ಲಿ ಅವರ ಕೀಟಲೆ, ಜಗಳ, ಯಾರ ಮನೆಯಲ್ಲಿ ಏನು ಸಾರು ಎಂಬ ವಿಚಾರಣೆ ಇಡೀ ದಿನ ನಡೆಯುತ್ತಿತ್ತು. ಕರೆ ಮಾಡಿದವರನ್ನು ಕೋಣೆಯವರು ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿತ್ತು: ಬ್ಯಾಂಕಾಕಿಗೆ ಹೋಗುತ್ತಿದ್ದಿರೋ, ಬ್ಯಾಂಕಾಕಿನಿಂದ ಬರುತ್ತಿದ್ದಿರೋ? ನಮ್ಮ ಹೆದ್ದಾರಿಯ ಎರಡು ಬದಿಗಳ ನಡುವೆ ನೀರು ತುಂಬಿದ ಅಗಲವಾದ ಕಾಲುವೆಯಿದೆ. ಗಾಡಿ ಈ ಬದಿಯಿಂದ ಆ ಬದಿಗೆ ಹೋಗಬೇಕಾದರೆ ಬಹುದೂರ ಮುಂದೆ ಹೋಗಿ ತಿರುಗಿಸಿಕೊಂಡು ಬರಬೇಕು. ಅದಕ್ಕಾಗಿಯೇ ಆ ಪ್ರಶ್ನೆ. ಆದರೆ ರಕ್ತ ನೋಡಿ ಕಂಗಾಲಾದವರಿಗೆ ಅದು ಹುಚ್ಚು ಪ್ರಶ್ನೆಯಾಗಿ ಕೇಳುತ್ತಿತ್ತು. “ನಾನು ಎಲ್ಲಿಗೆ ಹೋದ್ರೆ ನಿಂಗೇನಮ್ಮ, ಮೊದಲು ಗಾಡಿ ಕಳಿಸು!” ಎಂದು ಕೂಗಿ ಫೋನಿಟ್ಟವರು ಎಷ್ಟೋ ಮಂದಿ.

ಕರೆ ಮಾಡಿದ ಫೋನು ಎಲ್ಲಿದೆ ಎಂದು ಪರದೆಯ ಮೇಲೆ ಚುಕ್ಕೆಯಾಗಿ ಕಾಣುವ, ಅದಕ್ಕೆ ಅತಿ ಹತ್ತಿರದ ಗಾಡಿ ಯಾವುದೆಂದು ತಾನೇ ಹೇಳುವ ವ್ಯವಸ್ಥೆಯೊಂದು ಇದೆಯೆಂದು ತಿಳಿದಾಗ ಮೊಟ್ ಅಕ್ಕ ಅದರ ಬೆನ್ನು ಹತ್ತಿದರು. ಮೇಲಧಿಕಾರಿಗಳ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತು ಕುಳಿತು ಅವರಿಗೆ ಬೇಸರ ಹುಟ್ಟಿಸಿದರು. ಯಂತ್ರ ಬಂತು. ಬಂದ ಮೊದಲ ವರ್ಷವೇ ನಾವು ಸ್ಥಳ ಮುಟ್ಟುವ ಹೊತ್ತು ಅರ್ಧಕ್ಕರ್ಧ ಇಳಿಯಿತು. ಹಾದಿ ಕೇಳುತ್ತ ಅಲೆಯುವ ಕಾಟ ತಪ್ಪಿತು. ನಾನೇ ಆ ಯಂತ್ರಕ್ಕೆ ಕೈಮುಗಿದವನು. ವೈರ್‌ಲೆಸ್ಸು ಮಾತ್ರ ಮೆಲ್ಲಗೆ ಮೌನವಾಯಿತು. ಕೆಲಸ ಪರದೆಯಿಂದ ಪರದೆಗೆ ಹೋಗುವಾಗ ಸಾರಿನ ವಿಚಾರ ಕೇಳುವವರು ಯಾರು? ಕೋಣೆಯಲ್ಲಿ ಮೊಟ್ ಅಕ್ಕ ಮತ್ತು ಯಂತ್ರದ ಕೀಂ ಕೀಂ ಸದ್ದು ಉಳಿದವು.

ಅವರ ಔದಾರ್ಯದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ತೋಳಿನಲ್ಲೇ ಒಂದು ಮಗು ತೀರಿಕೊಂಡಿತು. ಆಸ್ಪತ್ರೆಗೆ ಮರಳಿ, ಯಾರಿಗೂ ಮುಖ ತೋರಿಸದೆ ಗಾಡಿಯೊಳಗೇ ಬಾಗಿಲು ಹಾಕಿಕೊಂಡು ಕುಳಿತಿದ್ದೆ. ಕಿವಿಯಲ್ಲಿ ಅವರ ದನಿ ಬಂತು: “ಥವಿ, ಊಟ ಆಯ್ತಾ? ಆಗಿರಲ್ಲ ಬಿಡು. ಬಾಗಿಲ ಹಿಡೀಲಿ ಚೀಲ ನೇತಾಡ್ತಾ ಇದೆ, ತಗೋ. ಅಳೋದಿದ್ರೆ ತಿಂದ್ಮೇಲೆ ಅಳು, ಬರೀ ಹೊಟ್ಟೇಲಿ ಅಳಬಾರದು.” ಬಾಗಿಲು ತೆರೆದರೆ ಬಿಸಿ ಅಂಟನ್ನ, ಸುಟ್ಟ ಹಂದಿಮಾಂಸ. ಅವರು ಅಷ್ಟರಲ್ಲಿ ಮೆಟ್ಟಿಲು ಹತ್ತಿ ಹೋಗಿದ್ದರು. ಹೊಸಬರಿಗೆ ಅವರು ಕಲಿಸುತ್ತಿದ್ದ ಪಾಠವೂ ಇಂಥದ್ದೇ. ಗಾಬರಿಯಾಗಬೇಡಿ ಎಂದು ಯಾರಿಗೂ ಹೇಳಬಾರದು, ಹೇಳಿದರೆ ಗಾಬರಿ ಹೆಚ್ಚುತ್ತದೆ. ಹೆಸರು ಕೇಳಿಕೊಳ್ಳಬೇಕು, ಪ್ರತಿ ಮಾತಿನಲ್ಲೂ ಆ ಹೆಸರು ಹಿಡಿದು ಕರೆಯಬೇಕು, ಕೈಗೆ ಒಂದು ಕೆಲಸ ಕೊಡಬೇಕು.

ಇನ್ನು ಜಾಂಪಾ ಎಂಬ ಹುಡುಗಿಯ ವಿಷಯ. ಸಮಿತಿಯವರು ಕ್ಷಮಿಸಲಿ.

ಪರದೆ ಬಂದ ಮೇಲೆ ಮೊಟ್ ಅಕ್ಕ ಆ ಹಳೆಯ ಪ್ರಶ್ನೆಯನ್ನು ಪ್ರಶ್ನಾವಳಿಯಿಂದ ತೆಗೆಸಿದ್ದರು. ಫೋನು ಎಲ್ಲಿದೆಯೆಂದು ಯಂತ್ರಕ್ಕೇ ಗೊತ್ತಿರುವಾಗ ನೊಂದವರನ್ನು ಯಾಕೆ ಪೀಡಿಸಬೇಕು ಎಂಬುದು ಅವರ ವಾದ. ನಾವೆಲ್ಲ ತಲೆಯಾಡಿಸಿದೆವು. ಯಂತ್ರದ ಚುಕ್ಕೆ ಒಂದಿಷ್ಟು ಮಾರು ಆಚೀಚೆ ಆಗಬಹುದೆಂದು ಎಲ್ಲರಿಗೂ ಗೊತ್ತಿತ್ತು. ಬೇರೆ ರಸ್ತೆಯಲ್ಲಾದರೆ ಅದು ಲೆಕ್ಕಕ್ಕೇ ಇಲ್ಲದ ದೋಷ. ನಮ್ಮ ಹೆದ್ದಾರಿಯಲ್ಲಿ ಅಷ್ಟು ಮಾರೆಂದರೆ ಕಾಲುವೆಯ ಆಚೆ ಬದಿ.

ಭಿಕ್ಷುಗಳ ಮಳೆಗಾಲದ ವರ್ಷಾವಾಸದ ವ್ರತ ಮುಗಿದು ಜನ ಊರುಗಳಿಗೆ ಹೋಗಿಬರುವ ವಾರ. ಮಳೆ ನಿಂತ ಮಧ್ಯಾಹ್ನ. ಪಪಾಯಿ ಕಾಯಿ ತುಂಬಿದ ಲಾರಿಯೊಂದು ಜಾರಿ ಮಗುಚಿತು. ಓಡಿಸುತ್ತಿದ್ದವನು ಖಾಮ್‌ಪನ್ ಎಂಬ ಯುವಕ. ಪಕ್ಕದಲ್ಲಿದ್ದ ಹೆಂಡತಿ ಜಾಂಪಾಳಿಗೆ ಹೆಚ್ಚೇನೂ ಆಗಿರಲಿಲ್ಲ. ಕರೆ ಮಾಡಿದವಳು ಅವಳೇ. ಖಾಮ್‌ಪನ್‌ನ ತೊಡೆ ಸೀಳಿ ರಕ್ತ ಚಿಮ್ಮುತ್ತಿತ್ತು. ಮೊಟ್ ಅಕ್ಕ ಹೆಸರು ಕೇಳಿಕೊಂಡರು, ಫೋನನ್ನು ಜೋರಾಗಿ ಕೇಳುವಂತೆ ಮಾಡಿಸಿ ನೆಲದ ಮೇಲಿಡಿಸಿದರು, ಅವಳ ತಲೆಯ ಬಟ್ಟೆ ಬಿಚ್ಚಿಸಿ ಗಾಯಕ್ಕೆ ತುರುಕಿಸಿದರು. “ಜಾಂಪಾ, ಎರಡೂ ಕೈಯಿಂದ ಒತ್ತು. ನಿನ್ನ ಇಡೀ ಮೈಭಾರ ಹಾಕು ಜಾಂಪಾ. ಗಾಡಿ ಬರ್ತಾ ಇದೆ, ನಿನ್ನ ಹತ್ರಾನೇ ಬರ್ತಾ ಇದೆ” ಎಂದರು. ನನ್ನ ಗಾಡಿಯಲ್ಲೂ ಅದು ಕೇಳುತ್ತಿತ್ತು. ಪರದೆ ತೋರಿದ ಚುಕ್ಕೆಗೆ ನಾವು ಬೇಗನೇ ತಲುಪಿದೆವು. ಅಲ್ಲಿ ಒದ್ದೆ ರಸ್ತೆ ಬಿಟ್ಟರೆ ಏನೂ ಇರಲಿಲ್ಲ. ಸರಿಯಾದ ಜಾಗ ಇನ್ನೂ ಮುಂದಿದೆಯೆಂದುಕೊಂಡ ನಮ್ಮ ಚಾಲಕ ಸಮ್ರಾನ್ ಅಣ್ಣ ಗಾಡಿ ನಿಲ್ಲಿಸದೆ ಓಡಿಸಿದರು. ಆಗ ಕಿವಿಯಲ್ಲಿ ಆ ಹುಡುಗಿಯ ಕೂಗು ಬಂತು:

“ಅಕ್ಕಾ, ಗಾಡಿ ಕಾಣ್ತಾ ಇದೆ! ಆಚೆ ಕಡೆ ಇದೆ ಅಕ್ಕಾ! ಅಯ್ಯೋ, ಹೋಗ್ತಾ ಇದಾರೆ, ನಮ್ಮನ್ನ ಬಿಟ್ಟು ಹೋಗ್ತಾ ಇದಾರೆ!”

ನಾನು ತಿರುಗಿ ನೋಡಿದೆ. ಕಾಲುವೆಯ ಆಚೆ, ಹಸಿರು ಪಪಾಯಿಗಳ ನಡುವೆ ಒಬ್ಬ ಹೆಂಗಸು ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದಳು. ನಾನು ಗಾಡಿ ನಿಲ್ಲಿಸಿಸಿ, ಚೀಲ ತಲೆಯ ಮೇಲಿಟ್ಟುಕೊಂಡು ಎದೆಮಟ್ಟದ ನೀರಿಗೆ ಇಳಿದೆ. ನಾನು ಕಾಲುವೆ ದಾಟಿ, ಓಡುವ ಗಾಡಿಗಳ ನಡುವೆ ನುಸುಳಿ ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆಲದ ಮೇಲಿದ್ದ ಫೋನಿನಲ್ಲಿ ಮೊಟ್ ಅಕ್ಕ “ಜಾಂಪಾ? ಜಾಂಪಾ?” ಎಂದು ಕರೆಯುತ್ತಲೇ ಇದ್ದರು. ಫೋನು ಎತ್ತಿಕೊಂಡು ನಾನು ಹೇಳಿದ್ದು ಒಂದೇ ಮಾತು: “ಅಕ್ಕ, ನಾನು ಥವಿ.”

ಶವಸಂಸ್ಕಾರಕ್ಕೆ ಹೋಗೋಣವೆಂದು ಅವರೇ ಹೇಳಿದರು. ಜಾಂಪಾಳ ಊರು ಸಾಕಷ್ಟು ದೂರ. ಇಡೀ ದಾರಿ ಅವರು ಹೇಳಬೇಕಾದ ಮಾತನ್ನು ಹೊಂದಿಸಿಕೊಳ್ಳುತ್ತಿದ್ದರು: ಗಾಡಿಯನ್ನು ಆ ಬದಿಗೆ ಕಳಿಸಿದವಳು ನಾನು, ಆ ಪ್ರಶ್ನೆಯನ್ನು ತೆಗೆಸಿದವಳು ನಾನು, ನಿನ್ನ ಎದುರಿಗೆ ಬಂದು ಅದನ್ನು ಹೇಳಬೇಕೆನ್ನಿಸಿತು ಎಂದು. ವಿಹಾರದ ಮಂಟಪದಲ್ಲಿ ಕಪ್ಪು ಬಟ್ಟೆಯುಟ್ಟ ಹುಡುಗಿಯನ್ನು ನೋಡಿದ್ದೇ ಅವರ ಕಾಲು ನಿಂತುಬಿಟ್ಟಿತು. “ಬಾಯಿ ಬಿಟ್ರೆ ದನಿ ಗುರುತು ಹಿಡೀತಾಳೆ ಕಣೋ. ಇವತ್ತು ಇಷ್ಟು ಜನರ ಮುಂದೆ ಆ ದನಿ ಅವಳ ಕಿವಿಗೆ ಬೀಳಬಾರದು” ಎಂದು ನನ್ನ ಹತ್ತಿರ ಪಿಸುಗುಟ್ಟಿದರು. ಹೇಳಲು ಬಂದವರು ಹೇಳದೆ ಉಳಿದರು. ಯಾವ ಊರಿನವರೆಂದು ಸಂಬಂಧಿಕರು ಕೇಳಿದರೆ ಕೈಮುಗಿಯುತ್ತಿದ್ದರು. ಗಂಟಲು ಕೆಟ್ಟಿದೆ ಎಂದು ಅವರ ಪರವಾಗಿ ನಾನು ಹೇಳುತ್ತಿದ್ದೆ. ಎಲ್ಲರೂ ಇಡುವಂತೆ ಗಂಧದ ಚಕ್ಕೆಯ ಹೂವನ್ನು ಶವಪೆಟ್ಟಿಗೆಯ ಬಳಿ ಇಟ್ಟು ಬಂದವರು ನೇರವಾಗಿ ಹಿಂದಿನ ಅಡುಗೆಮನೆಗೆ ಹೋಗಿ, ಬಂದವರೆಲ್ಲ ಉಂಡ ಪಾತ್ರೆ ತೊಳೆಯಲು ಕುಳಿತರು. ಜಾಂಪಾ ಒಮ್ಮೆ ಅಲ್ಲಿಗೂ ಬಂದಳು, ಇವರ ಎದುರು ಸ್ವಲ್ಪ ಹೊತ್ತು ನಿಂತಳು. ಮೊಟ್ ಅಕ್ಕ ತಲೆ ಎತ್ತಲಿಲ್ಲ.

ಆ ಘಟನೆಯ ನಂತರ ನಡೆದದ್ದನ್ನು ಈ ಸಂಪುಟದ ಬೇರೆ ಲೇಖನಗಳು ವಿವರವಾಗಿ ಹೇಳಿವೆ. ಇಲಾಖೆಯ ವಿಚಾರಣೆಯಲ್ಲಿ ಯಂತ್ರದ ದೋಷವೆಂದು ಬರೆದು ಮುಗಿಸಬಹುದಿತ್ತು. ಪ್ರಶ್ನೆ ತೆಗೆಸಿದವಳು ತಾನೆಂದು ಅವರೇ ಬರೆಯಿಸಿದರು. ಯಂತ್ರವನ್ನು ಕಿತ್ತುಹಾಕಿ ಎಂದವರ ಮಾತಿಗೂ ಅವರು ಒಪ್ಪಲಿಲ್ಲ. ಅವರು ಕೇಳಿದ್ದು ಇಷ್ಟು: ಹೆದ್ದಾರಿಯುದ್ದಕ್ಕೂ ಎರಡೂ ಬದಿಗಳಲ್ಲಿ ದೊಡ್ಡ ಅಂಕಿಯ ಫಲಕಗಳು ಬೇಕು, ಬ್ಯಾಂಕಾಕಿಗೆ ಹೋಗುವ ಬದಿಗೆ ಕೆಂಪು, ಬರುವ ಬದಿಗೆ ನೀಲಿ. ಕರೆ ಮಾಡಿದವರು ದಿಕ್ಕು ಹೇಳಬೇಕಿಲ್ಲ, ಕಣ್ಣೆದುರಿನ ಬಣ್ಣ ಹೇಳಿದರೆ ಸಾಕು. ಪರದೆಯಲ್ಲೂ ಬಣ್ಣ ಒತ್ತದ ಹೊರತು ಮುಂದೆ ಹೋಗಲಾಗದು. ಬಣ್ಣ ತಿಳಿಯದಿದ್ದರೆ ಎರಡೂ ಬದಿಗೆ ಒಂದೊಂದು ಗಾಡಿ ತಾನಾಗಿ ಹೊರಡಬೇಕು. ಕೇಳಿದರೆ ಇಷ್ಟೇನಾ ಅನ್ನಿಸುವ ಈ ಯೋಜನೆಗೆ ಅವರು ವರ್ಷಗಟ್ಟಲೆ ಅಲೆದರು. ರಸ್ತೆಯ ಅಧಿಕಾರಿಯೊಬ್ಬರ ಕೋಣೆಗೆ ನಾನೂ ಜೊತೆಗೆ ಹೋಗಿದ್ದೆ. ನಮ್ಮ ಜನ ಅಪಘಾತ ಹೆಚ್ಚಾಗುವ ತಿರುವುಗಳಲ್ಲಿ ದೈವದ ಗುಡಿ ಕಟ್ಟಿ ಹರಕೆಗೆ ಜೀಬ್ರಾ ಬೊಂಬೆಗಳನ್ನು ಇಡುತ್ತಾರೆ. “ಅಲ್ಲಿ ಆಗಲೇ ಅಷ್ಟೊಂದು ಜೀಬ್ರಾ ನಿಂತಿವೆಯಲ್ಲಮ್ಮ, ಇನ್ನು ನಿಮ್ಮ ಬಣ್ಣದ ತಗಡು ಬೇರೆ ಯಾಕೆ?” ಎಂದು ಆ ಮಹಾನುಭಾವರು ತಮಾಷೆ ಮಾಡಿದರು.

“ಜೀಬ್ರಾ ಫೋನ್ ಎತ್ತಲ್ಲ ಸರ್” ಎಂದರು ಮೊಟ್ ಅಕ್ಕ.

ಫಲಕಗಳು ಬಂದವು. ಅದರ ಬೆನ್ನಿಗೆ ಗಾಯದ ಚಿತ್ರವನ್ನು ಗಾಡಿಯಿಂದಲೇ ಶಸ್ತ್ರವೈದ್ಯರಿಗೆ ಕಳುಹಿಸುವ ಏರ್ಪಾಡು ಬಂತು, ನಾವು ಬಾಗಿಲು ಮುಟ್ಟುವ ಮೊದಲೇ ರಕ್ತ ಸಿದ್ಧವಾಗಿರತೊಡಗಿತು. ಅಕ್ಕಪಕ್ಕದ ಪ್ರಾಂತ್ಯದವರು ಬಂದು ನೋಡಿಕೊಂಡು ಹೋದರು. ಪ್ರಶಸ್ತಿ ಕೊಟ್ಟರು, ತೆಗೆದುಕೊಳ್ಳಲು ಅವರು ಇನ್ನೊಬ್ಬರನ್ನು ಕಳುಹಿಸಿದರು.

ಇಷ್ಟೆಲ್ಲದರ ನಡುವೆ ಅವರಷ್ಟು ಒಂಟಿಯಾದ ಮನುಷ್ಯರನ್ನು ನಾನು ನೋಡಿಲ್ಲ. ಅವರ ಕೆಲಸವೇ ಅಂಥದ್ದು. ಜನ ತಮ್ಮ ಬದುಕಿನ ಅತ್ಯಂತ ಕೆಟ್ಟ ಗಳಿಗೆಯಲ್ಲಿ ಅವರನ್ನು ಹಿಡಿದುಕೊಳ್ಳುತ್ತಾರೆ. ಗಾಡಿ ಕಂಡೊಡನೆ “ಬಂತು” ಎಂದು ಫೋನಿಡುತ್ತಾರೆ. ಮುಂದೇನಾಯಿತೆಂದು ಅವರಿಗೆ ಹೇಳುವವರಿಲ್ಲ. ಕೃತಜ್ಞತೆಯೆಲ್ಲ ಗಾಡಿಯವರಾದ ನಮಗೆ, ತಡವಾದರೆ ಬೈಗುಳ ಅವರಿಗೆ. ಮದುವೆಯಾಗಲಿಲ್ಲ. ತಾಯಿ ಹೋದ ಮೇಲೆ ಆಸ್ಪತ್ರೆಯ ಹಿಂದಿನ ವಸತಿಯಲ್ಲಿ ಒಬ್ಬರೇ, ನಿಂತುಕೊಂಡೇ ಉಣ್ಣುವ ಅಭ್ಯಾಸ. ಒಮ್ಮೆ ನಾನು ಕೇಳಿದೆ, ಮನೆಯಲ್ಲಿ ಯಾರ ಜೊತೆ ಮಾತಾಡುತ್ತೀರಿ ಅಕ್ಕ ಎಂದು. “ಮಾತು ಎಲ್ಲ ಅಲ್ಲೇ ಖರ್ಚಾಗಿರುತ್ತಲ್ಲೋ” ಎಂದರು. ಕಿವಿಯ ಫೋನು ಸರಿಪಡಿಸಿಕೊಳ್ಳುತ್ತ, “ಒಬ್ಬಳ ಹತ್ರ ಮಾತ್ರ ಆಡೋದು ಬಾಕಿ ಇದೆ” ಎಂದರು. ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ನನಗೆ ಬಹಳ ಸಂಕಟವಾಯಿತು. ಪ್ರತಿ ವರ್ಷ ವ್ರತ ಮುಗಿಯುವ ವಾರ ಬಂದಾಗ ಅವರು ಜಾಂಪಾಳ ಊರಿಗೆ ಹೋಗುತ್ತೇನೆಂದು ರಜೆ ಬರೆದುಕೊಡುತ್ತಿದ್ದರು, ಆ ದಿನ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದು ಕೂರುತ್ತಿದ್ದರು.

ಈ ಲೇಖನ ಬರೆಯಲು ಕುಳಿತಾಗ ನನಗೆ ತಡೆಯಲಾಗಲಿಲ್ಲ. ಕಳೆದ ತಿಂಗಳು ಮೊಟ್ ಅಕ್ಕನಿಗೆ ಹೇಳದೆ ನಾನೇ ಹೋದೆ. ಜಾಂಪಾ ಈಗ ಊರಿನ ಶಾಲೆಯ ಎದುರು ಪಪಾಯಿ ಕಾಯಿಯ ಖಾರದ ಕೋಸಂಬರಿ ಕುಟ್ಟಿ ಮಾರುತ್ತಾಳೆ. ನನ್ನನ್ನು ಕಂಡು ಒನಕೆ ಕೆಳಗಿಟ್ಟಳು. ನೀರಿನಿಂದ ಎದ್ದು ಬಂದ ನನ್ನ ಮುಖ ಅವಳಿಗೆ ಮರೆತಿರಲಿಲ್ಲ. ನಿವೃತ್ತಿಯ ವಿಷಯ ಹೇಳಿ, ಅಂದು ಪಾತ್ರೆ ತೊಳೆದವರು ಯಾರೆಂದು ಹೇಳತೊಡಗಿದೆ.

“ಗೊತ್ತಿತ್ತು ಅಣ್ಣಾ” ಎಂದಳು. “ಊರು ಪರಿಚಯ ಇಲ್ಲದೋರು ಯಾರಾದ್ರೂ ಬಂದು ಅಷ್ಟು ಪಾತ್ರೆ ತೊಳೀತಾರಾ? ಅವರೇ ಇರಬೇಕು ಅಂತ ಎದುರಿಗೆ ಹೋಗಿ ನಿಂತೆ. ಒಂದು ಮಾತಾಡ್ಲಿ, ದನಿ ಕೇಳಿಬಿಡೋಣ ಅಂತ ಕಾದೆ. ಮಾತಾಡ್ಲೇ ಇಲ್ಲ.”

“ನೀನು ಬೈತೀಯ ಅಂತ ಅಲ್ಲಮ್ಮ, ಆ ದನಿ ಕೇಳಿದ್ರೆ ನಿನಗೆ ಇನ್ನೂ ಸಂಕಟ ಆಗುತ್ತೆ ಅಂತ...”

“ಬೈಯೋದಾ?” ಅವಳು ಬಟ್ಟೆಗೆ ಕೈ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. “ಅಣ್ಣಾ, ಅವರು ಎರಡೂ ಕೈಯಿಂದ ಒತ್ತು ಅಂದಿದ್ರು. ನೀವು ಹೋಗ್ಬಿಡ್ತೀರಿ ಅಂತ ನಾನು ಕೈ ಬಿಟ್ಟು ಎದ್ದೆ. ಬೀಸಿದೆ. ನಾನು ಕೈ ಬಿಟ್ಟಿದ್ದಕ್ಕೇ ನಮ್ಮ ಯಜಮಾನ್ರು ಹೋದ್ರಾ? ಇದನ್ನ ಯಾರ ಹತ್ರ ಕೇಳ್ಲಿ? ನಮ್ಮ ಅತ್ತೆ ಹತ್ರ ಕೇಳೋಕಾಗುತ್ತಾ?”

ನಾನು ನರ್ಸು, ಗಾಯ ನೋಡಿದವನು. ಇಲ್ಲಮ್ಮ, ರಕ್ತನಾಳವೇ ಹರಿದಿತ್ತು, ಆ ಕ್ಷಣದಿಂದ ಏನೂ ವ್ಯತ್ಯಾಸವಾಗಲಿಲ್ಲ ಎಂದು ನಿಜವನ್ನೇ ಹೇಳಿದೆ. ಅವಳು ಗೌರವದಿಂದ ಕೇಳಿಸಿಕೊಂಡಳು.

“ನೀವು ಆಮೇಲೆ ಬಂದ್ರಿ ಅಣ್ಣಾ. ಅವರು ನನ್ನ ಜೊತೆ ಇದ್ರು. ಅವರು ಹೇಳ್ಬೇಕು.”

ಪೂಜ್ಯ ಮೊಟ್ ಅಕ್ಕ, ಸಂಪ್ರದಾಯದಂತೆ ಈ ಲೇಖನವನ್ನು ಓದುಗರಿಗೆ ಬರೆಯುತ್ತ ಬಂದೆ, ಕೊನೆಯ ನಾಲ್ಕು ಮಾತು ನಿಮಗೇ. ಇದನ್ನು ಎದುರಿಗೆ ನಿಂತು ಹೇಳುವ ಧೈರ್ಯ ನನಗಾಗಲಿಲ್ಲ, ಹೇಳಿದ್ದರೆ ನೀವು ಊಟ ಆಯ್ತಾ ಎಂದು ಕೇಳಿ ಮಾತು ಮರೆಸುತ್ತಿದ್ದಿರಿ. ನಿಮಗೆ ದೀರ್ಘಾಯುಷ್ಯವಿರಲಿ, ಆರೋಗ್ಯವಿರಲಿ, ನಿಮ್ಮ ಅನುಭವ ಹೊಸಬರಿಗೆ ಇನ್ನೂ ಬಹುಕಾಲ ಸಿಗಲಿ. ಮಾಡಬೇಕಾದ ಕೆಲಸ ಇನ್ನೊಂದು ಉಳಿದಿದೆ. ನೀವು ಬಾಯಿ ತೆರೆದರೆ ಅವಳಿಗೆ ನೋವಾಗುತ್ತದೆಂದು ನೀವು ಸುಮ್ಮನಿದ್ದೀರಿ. ನೀವು ಬಾಯಿ ತೆರೆಯಲಿ ಎಂದು ಅವಳು ಇಷ್ಟು ವರ್ಷ ಕಾದಿದ್ದಾಳೆ. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಗಿರಾಕಿಗಳಿರುವುದಿಲ್ಲವಂತೆ. ನಿಮ್ಮ ಕೈಗೆ ಬರುವ ಪ್ರತಿಯಲ್ಲಿ, ಈ ಪುಟಗಳ ನಡುವೆ, ಅವಳ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟಿರುತ್ತೇನೆ. ಜೀವಮಾನವಿಡೀ ನಿಮಗೆ ಜನ ಫೋನು ಮಾಡಿದರು, ನೀವು ಎತ್ತಿದಿರಿ. ಈ ಸಲ ನೀವು ಮಾಡಿ ಅಕ್ಕ, ಅವಳು ಎತ್ತುತ್ತಾಳೆ.